ಮಾವನ ಲೆಕ್ಕದಲ್ಲಿ ಹಾಸನ ಜಿಲ್ಲೆ

ಹಾಸನ ಜಿಲ್ಲೆ ವರ್ಷದಿಂದ ವರ್ಷಕ್ಕೆ ದೊಡ್ಡದಾಗುತ್ತಿದೆ. ಈ ಸಂಗತಿ ಸರ್ಕಾರಕ್ಕೆ ಗೊತ್ತಿಲ್ಲ, ಸರ್ವೆಯವರಿಗೂ ಗೊತ್ತಿಲ್ಲ. ಪಕ್ಕದ ಮಂಡ್ಯ, ತುಮಕೂರಿನವರ ಕಿವಿಗೆ ಬಿದ್ದರೆ ಗಡಿಯಲ್ಲಿ ಜಗಳವೇ ಆದೀತು! ಇದನ್ನು ಬಲ್ಲವನು ಪ್ರಪಂಚದಲ್ಲಿ ಒಬ್ಬನೇ, ಅವನು ನನ್ನ ಸೋದರಮಾವ. ಸುಮ್ಮನೆ ಬಾಯಿಗೆ ಬಂದಂತೆ ಹೇಳುವವನಲ್ಲ ಅವನು. ನೂರು ಹಾಳೆಯ ನೋಟ್‌ಬುಕ್ಕಿನಲ್ಲಿ ದಾಖಲೆ ಇಟ್ಟಿದ್ದಾನೆ. ಚನ್ನರಾಯಪಟ್ಟಣದ ಛತ್ರವೊಂದು ನಲವತ್ತೆಂಟು ಹೆಜ್ಜೆ ಇದ್ದದ್ದು ಅರವತ್ತಾಗಿದೆ. ನಮ್ಮೂರ ಹೊಳೆಯ ಸೇತುವೆ ನಾನೂರು ಹೆಜ್ಜೆ ಇದ್ದದ್ದು ಐನೂರಾಗಿದೆ. ಅಷ್ಟೇ ಏಕೆ, ಮಾವನ ಅಂಗಡಿಯಿಂದ ನಾನೂರ ಹನ್ನೆರಡು ಹೆಜ್ಜೆ ದೂರದಲ್ಲಿದ್ದ ನಮ್ಮ ಮನೆ ಈಗ ಐನೂರ ಹದಿನೈದು ಹೆಜ್ಜೆ ಆಚೆ ಹೋಗಿ ಕೂತಿದೆ. ನಾವು ಒಳಗೇ ಇದ್ದೆವು, ಮನೆ ಜರುಗಿದ್ದು ನಮಗೆ ಗೊತ್ತೇ ಆಗಲಿಲ್ಲ! ಇದನ್ನು ನಾನು ಶಾಲೆಯ ಸ್ಟಾಫ್ ರೂಮಿನಲ್ಲಿ ಹೇಳಿ ಎಲ್ಲರನ್ನೂ ನಗಿಸಿದ್ದೇನೆ. ನಗಿಸಬಾರದಿತ್ತು ಎನ್ನುವುದು ಆಮೇಲೆ ತಿಳಿಯಿತು.

ಮಾವನದು ಹೊಳೆನರಸೀಪುರದಲ್ಲಿ ಸೌಂಡ್ ಸಿಸ್ಟಂ ಅಂಗಡಿ. ಅಂಗಡಿ ಎಂದರೆ ಒಂದೇ ಕೋಣೆ. ಮುಂದೆಲ್ಲ ಸ್ಪೀಕರ್ ಬಾಕ್ಸುಗಳು, ಅವುಗಳ ನಡುವೆ ಹೊಟ್ಟೆ ಒಳಗೆಳೆದುಕೊಂಡು ಅಡ್ಡಡ್ಡವಾಗಿ ನುಸುಳಿದರೆ ಹಿಂದೆ ಒಂದು ಮಂಚ, ಒಂದು ಗ್ಯಾಸ್ ಒಲೆ, ಒಂದು ಟಿವಿ, ಒಂದು ತಟ್ಟೆ, ಒಂದು ಲೋಟ. ಎರಡನೆಯ ಲೋಟ ಯಾಕಿಲ್ಲ ಎಂದು ಕೇಳಿದರೆ, 'ಇನ್ನೊಂದಿದ್ರೆ ಅದ್ನೂ ತೊಳೀಬೇಕಲ್ಲ' ಎನ್ನುತ್ತಾನೆ. ಮದುವೆಯಾಗಿಲ್ಲ. ಜಿಲ್ಲೆಯ ಅರ್ಧ ಮದುವೆಗಳಿಗೆ ಹೋಗಿ ಬಂದವನಿಗೆ ತನ್ನದಕ್ಕೆ ಹೋಗಲು ಪುರುಸೊತ್ತಾಗಲಿಲ್ಲ.

ಪ್ರಯತ್ನ ಆಗಲಿಲ್ಲವೆಂದಲ್ಲ. ಮಾವನಿಗೆ ಮೂವತ್ತು ದಾಟುವ ಹೊತ್ತಿಗೆ ನಮ್ಮವ್ವ, ಅಂದರೆ ಅವನ ಅಕ್ಕ, ಹಟ ಹಿಡಿದು ಚನ್ನರಾಯಪಟ್ಟಣಕ್ಕೆ ಹೆಣ್ಣು ನೋಡಲು ಕರೆದುಕೊಂಡು ಹೋದಳು. ಉಪ್ಪಿಟ್ಟು, ಕೇಸರಿಬಾತು ಎಲ್ಲ ಆಯಿತು. ಹುಡುಗಿ ಕಾಫಿ ತಟ್ಟೆ ಹಿಡಿದು ಬರುವ ಹೊತ್ತಿಗೆ ಸರಿಯಾಗಿ ಮಾವ ಎದ್ದು ಒಳಗೆ ಹೋದ. ಯಾಕೆಂದರೆ ಆ ಮನೆಯ ರೇಡಿಯೋ ಗುಂಯ್ ಎನ್ನುತ್ತಿತ್ತು. ಬಿಚ್ಚಿದ, ಒರೆಸಿದ, ಒಂದು ವೈರು ಬದಲಾಯಿಸಿದ. ಮುಕ್ಕಾಲು ಗಂಟೆಯಾದ ಮೇಲೆ ಗುಂಯ್‌ಗುಡುವಿಕೆ ನಿಂತಿತು, ಕಾಫಿ ಆರಿತು. ವಾಪಸು ಬರುವಾಗ ಬಸ್ಸಿನಲ್ಲಿ ಅವ್ವ ಕೇಳಿದಳು: 'ಉಡ್ಗಿ ಎಂಗವಳೋ?' ಮಾವ, 'ಯಾವ ಉಡ್ಗಿ?' ಎಂದ. ಮುಂದಿನ ವಾರ ಹುಡುಗಿಯ ಅಪ್ಪ ಹೊಳೆನರಸೀಪುರಕ್ಕೇ ಬಂದರು. ಮಾತು ಮುಂದುವರಿಸಲು ಬಂದರೆಂದು ಅವ್ವ ಪಾಯಸಕ್ಕೆ ಇಟ್ಟಳು. ಅವರು ಕೆಟ್ಟುಹೋದ ಟಿವಿ ಹೊತ್ತುಕೊಂಡು ಬಂದಿದ್ದರು.

ಮಾವನ ಜೀವವೆಲ್ಲ ಇರುವುದು ಪ್ರೊಸೆಸರ್ ಎಂಬ ಒಂದು ಚಪ್ಪಟೆ ಪೆಟ್ಟಿಗೆಯಲ್ಲಿ. ಮೈಕಿನಿಂದ ಹೊರಟ ಶಬ್ದ ಬಾಕ್ಸಿಗೆ ಹೋಗುವ ಮೊದಲು ಇದರೊಳಗೆ ಹಾದು, ಇದರ ಅಪ್ಪಣೆ ಪಡೆದೇ ಹೋಗಬೇಕು. ಅದಕ್ಕೆ ಮುಖ್ಯವಾಗಿ ಎರಡು ಕೆಲಸ. ಒಂದು ಲಿಮಿಟರ್: ಮೈಕಿನ ಮುಂದೆ ನಿಂತವರು ಎಷ್ಟೇ ಅರಚಿದರೂ ಬಾಕ್ಸಿನಿಂದ ಇಷ್ಟಕ್ಕಿಂತ ಹೆಚ್ಚು ಹೊರಗೆ ಬಿಡುವುದಿಲ್ಲ. ಬಾಕ್ಸೂ ಸುಡುವುದಿಲ್ಲ, ಕೇಳುವವರ ಕಿವಿಯೂ ಉಳಿಯುತ್ತದೆ. ಬೇರೆಯವರು ಈ ಲಿಮಿಟರನ್ನು ಬಾಕ್ಸಿನ ಶಕ್ತಿ ನೋಡಿ ಇಡುತ್ತಾರಂತೆ. ಮಾವ ಮೊದಲ ಸಾಲಿನಲ್ಲಿ ಕೂತ ಮುದುಕಿಯರ ಮುಖ ನೋಡಿ ಇಡುತ್ತಾನೆ. ಇಟ್ಟ ಮೇಲೆ ಬೀಗ ಹಾಕುತ್ತಾನೆ, ಅದರ ನಂಬರು ಯಾರಿಗೂ ಹೇಳುವುದಿಲ್ಲ.

ಹಾಸನದಲ್ಲಿ ಒಮ್ಮೆ ಒಬ್ಬ ಮುಖಂಡರು ಭಾಷಣದ ನಡುವೆ ಕೆಳಗಿಳಿದು ಬಂದು, 'ಎಷ್ಟು ಜೋರಾಗಿ ಮಾತಾಡಿದ್ರೂ ಸೌಂಡ್ ಮೇಲಕ್ಕೆ ಏಳ್ತಾನೇ ಇಲ್ವಲ್ರೀ' ಎಂದು ದೂರಿದರು. ಮಾವ ಎದ್ದು ನಿಂತು ಕೈ ಮುಗಿದು, 'ನೀವು ಎಷ್ಟು ಕೂಗಿದ್ರೂ ಜನಕ್ಕೆ ಅಷ್ಟೇ ಕೇಳ್ಸದು ಸಾ. ಗಂಟ್ಲು ಯಾಕ್ ನೋಯಿಸ್ಕತೀರಿ, ಮಾತಾಡಿ' ಎಂದ. ಆ ಪಕ್ಷದವರು ಅವನನ್ನು ಮತ್ತೆ ಕರೆಯಲಿಲ್ಲ. ಸುದ್ದಿ ಕೇಳಿ ಖುಷಿಯಾದ ಎದುರು ಪಕ್ಷದವರು ಕರೆದರು. ಅವರ ಮುಖಂಡರಿಗೂ ಅದೇ ಉತ್ತರ ಸಿಕ್ಕಿತು, ಅವರೂ ಬಿಟ್ಟರು.

ಬೀಗರೂಟಗಳಲ್ಲಿ ಇಷ್ಟು ಸುಲಭವಿರಲಿಲ್ಲ. ಒಂದು ಕಡೆ ಗಂಡಿನ ಕಡೆಯ ಹುಡುಗರೆಲ್ಲ ಬಂದು ಸುತ್ತುವರಿದರು. 'ಸೌಂಡ್ ಏನೇನೂ ಸಾಲ್ದು ಸಾ, ಎದೆ ನಡುಗ್ಬೇಕು.' ಮಾವ ಹೇಳಿದ: 'ಎದೆ ನಡುಗುದ್ರೆ ಡಾಕ್ಟ್ರತ್ರ ಓಗ್ಬೇಕು ಕಣ್ರಪ್ಪ, ನನ್ನತ್ರ ಅಲ್ಲ.' ಅವರು ಬಿಡಲಿಲ್ಲ. ಆಗ ಮಾವ ಬ್ಯಾಗಿನಿಂದ ಒಂದು ತಗಡಿನ ಡಬ್ಬಿ ತೆಗೆದು ಮೇಜಿನ ಮೇಲಿಟ್ಟ. ಅದಕ್ಕೊಂದು ದೊಡ್ಡ ಕೆಂಪು ತಿರುಗಣೆ. 'ತಗಳಿ, ನೀವೇ ತಿರುಗಿಸ್ಕಳಿ. ಪೂರ್ತಿ ತಿರುಗುಸ್ಬುಟ್ರೆ ನಾನು ಜವಾಬ್ದಾರನಲ್ಲ.' ಒಬ್ಬ ಕಾಲು ಭಾಗ ತಿರುಗಿಸಿದ. 'ಈಗ ಬಂತು ನೋಡ್ಲಾ' ಎಂದ ಇನ್ನೊಬ್ಬ. ಅರ್ಧ ಆಯಿತು, ಮುಕ್ಕಾಲು ಆಯಿತು, ಕುಣಿತ ಜೋರಾಯಿತು. ಪೂರ್ತಿ ತಿರುಗಿಸಿದಾಗ ಹೆಣ್ಣಿನ ಅಪ್ಪ ಓಡಿ ಬಂದರು: 'ಅಪ್ಪಾ, ದಮ್ಮಯ್ಯ, ನಮ್ಮವ್ವಂಗೆ ತಡೆಯಕಾಗ್ತಿಲ್ಲ, ವಸಿ ಕಮ್ಮಿ ಮಾಡು.' ಮಾವ ಬಹಳ ಗಂಭೀರವಾಗಿ ತಿರುಗಣೆಯನ್ನು ಸೊನ್ನೆಗೆ ತಂದ. ಅವರು ನೆಮ್ಮದಿಯಿಂದ ಉಸಿರು ಬಿಟ್ಟು, 'ಈಗ ಸರಿಯಾಯ್ತು' ಎಂದು ಹೋದರು. ಆ ಡಬ್ಬಿಗೆ ಒಳಗೂ ವೈರಿಲ್ಲ, ಹೊರಗೂ ವೈರಿಲ್ಲ.

ಪ್ರೊಸೆಸರಿನ ಎರಡನೆಯ ಕೆಲಸ ಡಿಲೇ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ದೊಡ್ಡ ಮೈದಾನವಾದರೆ ವೇದಿಕೆಯ ಹತ್ತಿರ ಎರಡು ಬಾಕ್ಸು, ಹಿಂದಿನ ಸಾಲಿನವರ ಹತ್ತಿರ ಎರಡು ಬಾಕ್ಸು ಇಡುತ್ತಾರೆ. ಹಿಂದಿನ ಬಾಕ್ಸಿಗೆ ಶಬ್ದ ವೈರಿನಲ್ಲಿ ಕಣ್ಣು ಮಿಟುಕಿಸುವುದರೊಳಗೆ ಬಂದುಬಿಡುತ್ತದೆ. ಮುಂದಿನ ಬಾಕ್ಸಿನ ಶಬ್ದ ಗಾಳಿಯಲ್ಲಿ ನಡೆದುಕೊಂಡು ಬರಬೇಕು, ತಡವಾಗುತ್ತದೆ. ಆಗ ಹಿಂದೆ ಕೂತವನಿಗೆ ಒಂದೊಂದು ಮಾತೂ ಎರಡೆರಡು ಸಲ ಕೇಳಿ ತಲೆ ಚಿಟ್ಟು ಹಿಡಿಯುತ್ತದೆ. ಅದಕ್ಕೇ ಹಿಂದಿನ ಬಾಕ್ಸಿಗೆ, 'ಸ್ವಲ್ಪ ತಡಿ, ಅವನೂ ಬರಲಿ' ಎಂದು ಹೇಳಬೇಕು. ಎಷ್ಟು ತಡೆಯಬೇಕು ಎನ್ನುವುದು ದೂರದ ಮೇಲೆ. ಹೆಚ್ಚೂ ಆಗಬಾರದು, ಕಮ್ಮಿಯೂ ಆಗಬಾರದು.

ಈ ದೂರವನ್ನು ಮಾವ ಅಳೆಯುವುದು ಕಾಲಿನಲ್ಲಿ. ಅವನ ಹೆಜ್ಜೆ ಎರಡೂವರೆ ಅಡಿ. ಒಂದು ಹೆಜ್ಜೆಗೆ ಎರಡೂಕಾಲು ಮಿಲಿಸೆಕೆಂಡು, ಮುಗಿಯಿತು ಲೆಕ್ಕ. ಟೇಪು ಕೊಟ್ಟರೆ ಮುಟ್ಟುವುದಿಲ್ಲ. 'ಟೇಪು ಬಿಸ್ಲಿಗೆ ಇಗ್ತದೆ ಕಣ್ಲಾ. ಕಾಲು ಇಗ್ಗಲ್ಲ.' ಗೊರೂರಿನ ನೀರಾವರಿ ಕ್ವಾರ್ಟರ್ಸಿನಲ್ಲಿ ರಾಜ್ಯೋತ್ಸವಕ್ಕೆ ಹೋದಾಗ ಒಬ್ಬ ಇಂಜಿನಿಯರಿಗೆ ಇದನ್ನು ಸಹಿಸಲಾಗಲಿಲ್ಲ. ಅಣೆಕಟ್ಟು ಕಾಯುವ ಮನುಷ್ಯ, ಅಳತೆ ಎಂದರೆ ಸುಮ್ಮನಿರುತ್ತಾರೆಯೇ? ಟೇಪು ತರಿಸಿ ಅಳೆಸಿದರು. ಮಾವನ ಲೆಕ್ಕಕ್ಕಿಂತ ಅರ್ಧ ಅಡಿ ಜಾಸ್ತಿ ಬಂತು. ಇಂಜಿನಿಯರು ಮೀಸೆಯಡಿ ನಕ್ಕರು. ಮಾವ ಟೇಪಿನ ತುದಿಯನ್ನು ಹಿಡಿದು ತೋರಿಸಿದ. ಮೊದಲ ಅರ್ಧ ಅಡಿ ಯಾವಾಗಲೋ ಕಿತ್ತುಹೋಗಿ, ಯಾರೋ ಉಂಗುರವನ್ನು ಆರನೇ ಇಂಚಿಗೆ ಬಡಿದಿದ್ದರು. ಆ ಟೇಪಿನಲ್ಲಿ ಇನ್ನೇನೇನು ಅಳೆದಿದ್ದರೋ, ಮಾವನೂ ಕೇಳಲಿಲ್ಲ, ಅವರೂ ಹೇಳಲಿಲ್ಲ.

ಕಾಲಿನ ಲೆಕ್ಕವಾದ ಮೇಲೆ ಕಿವಿಯ ಪರೀಕ್ಷೆ. ಅದಕ್ಕೆ ನಮ್ಮವ್ವ ಬೇಕಿತ್ತು. ಮಾವ ವೇದಿಕೆಯ ಮೇಲೆ ನಿಂತು ಮೈಕಿನ ಮುಂದೆ ಎರಡು ಮರದ ತುಂಡುಗಳನ್ನು ಟಕ್ ಎಂದು ಬಡಿಯುತ್ತಿದ್ದ. ಅವ್ವ ಕಟ್ಟಕಡೆಯ ಸಾಲಿನ ಕಟ್ಟಕಡೆಯ ಕುರ್ಚಿಯಲ್ಲಿ ಕೂತಿರುತ್ತಿದ್ದಳು. ಎರಡು ಟಕ್ಕು ಕೇಳಿದರೆ ಸುಮ್ಮನೆ ಕೂತಿರುವುದು, ಒಂದೇ ಟಕ್ಕು ಕೇಳಿದರೆ ಸೆರಗಿನ ತುದಿ ಎತ್ತಿ ಆಡಿಸುವುದು. ಸೆರಗು ಆಡಿತೆಂದರೆ ಮಾವನ ಮುಖ ಅರಳುತ್ತಿತ್ತು. ಅಪ್ಪ ತೀರಿಹೋದ ಮೇಲೆ ಅವ್ವ ಮಾವನ ಜೊತೆ ಹೋಗದ ಊರಿಲ್ಲ. ಶ್ರವಣಬೆಳಗೊಳದ ಪ್ರವಚನಗಳನ್ನೆಲ್ಲ ಕಡೇ ಕುರ್ಚಿಯಿಂದಲೇ ಕೇಳಿದಳು. 'ಮುಂದ್ ಕೂತೋರ್ಗೆ ಎಂಗಿದ್ರೂ ಕೇಳ್ತದೆ ಕಣ್ಲಾ' ಎನ್ನುವುದು ಮಾವನ ಮಾತು. 'ಇಂದ್ಗಡೆ ಒಬ್ನೇ ಕೂತಿರ್ತಾನಲ್ಲ, ಅವ್ನಿಗೆ ಕೇಳ್ಬೇಕು.'

ಅವ್ವ ಹೋಗಿ ಮೂರು ವರ್ಷವಾಯಿತು. ಬಾಕ್ಸು ಹೊರಲು ಬರುವ ಕೂಲಿಯಾಳುಗಳನ್ನು ಮಾವ ಕಡೇ ಕುರ್ಚಿಯಲ್ಲಿ ಕೂರಿಸಿ ನೋಡಿದ. ಅವರಿಗೆ ಎಲ್ಲವೂ ಚೆನ್ನಾಗಿಯೇ ಕೇಳುತ್ತದೆ. ಟಕ್ ಎನ್ನುವ ಮೊದಲೇ ಕೈ ಎತ್ತಿಬಿಡುತ್ತಾರೆ! ಬರಬರುತ್ತಾ ಮಾವ ಕುರ್ಚಿಯ ಪರೀಕ್ಷೆ ಬಿಟ್ಟು ಕಾಲನ್ನೇ ನಂಬಿದ. ಅವನ ಕಿವಿಯೂ ಮಂದವಾಗಿತ್ತು. ಜಿಲ್ಲೆಯ ಸದ್ದಿಗೆಲ್ಲ ಲಿಮಿಟರ್ ಹಾಕಿದವನ ಸ್ವಂತ ಟಿವಿ ಮೂರನೇ ಮನೆಗೆ ಕೇಳುತ್ತಿತ್ತು. ಪಕ್ಕದ ಬೇಕರಿಯವರು ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿ, 'ಮೇಷ್ಟ್ರೇ, ನಿಮ್ಮಾವನ ಟಿವಿಗೂ ಒಂದು ಬೀಗ ಹಾಕ್ಸಿ' ಎಂದಿದ್ದರು. ನಾನು ಅದನ್ನೂ ಸ್ಟಾಫ್ ರೂಮಿಗೆ ಒಯ್ದೆ.

ಇನ್ನೊಂದು ನಿಂತದ್ದು ಭಾನುವಾರದ ಊಟ. ಅವ್ವ ಇರುವವರೆಗೂ ಪ್ರತಿ ಭಾನುವಾರ ಮಧ್ಯಾಹ್ನ ಮಾವ ನಮ್ಮ ಮನೆಗೆ ಬಂದು ಮುದ್ದೆ ಉಂಡು ಹೋಗುತ್ತಿದ್ದ. ಅವ್ವನ ತಿಥಿಯಾದ ಮೇಲೆ ಎರಡು ವಾರ ಬಂದ, ಆಮೇಲೆ ಬರಲಿಲ್ಲ. ರಸ್ತೆಯಲ್ಲಿ ಸಿಕ್ಕಾಗ ಯಾಕೆ ಎಂದು ಕೇಳಿದೆ.

'ದೂರ ಆಗೋಯ್ತು ಕಣ್ಲಾ' ಎಂದ.

'ಮೂರು ಬೀದಿ ಮಾವ.'

'ನಿಂಗೇನ್ ಗೊತ್ತು. ಎಣಿಸಿವ್ನಿ. ಐನೂರ ಅದಿನೈದು.'

ಸೇತುವೆಯೂ ಉದ್ದವಾಗಿದೆ ಎಂದು ಹೇಳಿದ್ದು ಆಗಲೇ. ದಿನಾ ಬೆಳಿಗ್ಗೆ ಅದರ ಮೇಲೆ ನಡೆಯುತ್ತಾನಲ್ಲ. ಸೇತುವೆ ಹೇಗೆ ಮಾವ ಉದ್ದ ಆಗುತ್ತೆ ಎಂದರೆ, 'ಬಿಸ್ಲಿಗೆ ಕಬ್ಬಿಣ ಇಗ್ಗಲ್ವಾ?' ಎಂದ. ಅದು ಸಿಮೆಂಟಿನದು ಎಂದೆ. 'ಒಳ್ಗಡೆ ಕಬ್ಬಿಣ ಐತೆ, ಮೇಷ್ಟ್ರಾಗಿ ಅಷ್ಟೂ ಗೊತ್ತಿಲ್ವಾ' ಎಂದು ನನ್ನನ್ನೇ ಗದರಿಸಿ ಹೋದ. ನಾನು ನಗುತ್ತಾ ಮನೆಗೆ ಬಂದೆ. ಮುದ್ದೆ ಊಟಕ್ಕೆ ಮತ್ತೆ ಕರೆಯುವುದು ಮರೆತೇಹೋಯಿತು.

ನಾನು ಗಣಿತದ ಮೇಷ್ಟ್ರು. ಕೆಲಸ ಅರಕಲಗೂಡಿನ ಒಂದು ಹೈಸ್ಕೂಲಿನಲ್ಲಿ, ದಿನಾ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ನಮ್ಮ ಶಾಲೆಯ ವಾರ್ಷಿಕೋತ್ಸವಕ್ಕೆ ಹತ್ತು ವರ್ಷದಿಂದ ಮಾವನದೇ ಸೌಂಡು. ಈ ಸಲ ಹೆಡ್‌ಮೇಡಂ ನನ್ನನ್ನು ಕೋಣೆಗೆ ಕರೆದು ಮೆಲ್ಲಗೆ ಹೇಳಿದರು: 'ಹೋದ ವರ್ಷ ಹಿಂದೆ ಕೂತ ತಾಯಂದಿರಿಗೆ ಮಕ್ಕಳು ಹೇಳಿದ್ದು ಒಂದೂ ತಿಳೀಲಿಲ್ವಂತೆ ಸರ್. ಎಲ್ಲಾ ಎರಡೆರಡು ಸಲ ಕೇಳ್ತಿತ್ತಂತೆ. ಈ ಸಲವೂ ಹಾಗಾದ್ರೆ ಬೇರೆಯವರನ್ನ ನೋಡಬೇಕಾಗುತ್ತೆ. ಬೇಜಾರು ಮಾಡ್ಕೋಬೇಡಿ.' ನಾನು ಮೊದಲ ಸಾಲಿನಲ್ಲಿ ಕೂರುವವನು, ನನಗೆ ಗೊತ್ತೇ ಆಗಿರಲಿಲ್ಲ. ನಮ್ಮಲ್ಲಿ ಹಿಂದಿನ ಸಾಲಿಗೆ ಬರುವವರು ಗಾರ್ಮೆಂಟ್ಸಿಗೆ ಅರ್ಧ ದಿನ ರಜೆ ಹಾಕಿ ಬರುವ ತಾಯಂದಿರು, ಹೊಲದಿಂದ ಕೈಕಾಲು ತೊಳೆದುಕೊಂಡು ನೇರ ಬರುವವರು. ಅವರು ಬರುವುದೇ ಮಗಳ ಎರಡು ನಿಮಿಷದ ಮಾತು ಕೇಳಲು. ಮಾವ ಇಷ್ಟು ವರ್ಷ ದುಡಿದದ್ದೂ ಅವರಿಗಾಗಿಯೇ. ಆ ಸಾಲಿಗೇ ಕೇಳಿಸದೆ ಹೋದರೆ ಮಾವನಿಗೆ ಈ ಕೆಲಸದಲ್ಲಿ ಇನ್ನೇನೂ ಉಳಿಯುವುದಿಲ್ಲ ಎಂಬುದು ನನಗೆ ಗೊತ್ತಿತ್ತು.

ಅವತ್ತು ಬೆಳಿಗ್ಗೆ ಮಾವ ಬಾಕ್ಸು ಇಳಿಸಿ, ವೇದಿಕೆಯಿಂದ ಹಿಂದಿನ ಬಾಕ್ಸಿನವರೆಗೆ ಎಣಿಸುತ್ತಾ ನಡೆದ. ವಾಪಸು ಬಂದು ನೋಟ್‌ಬುಕ್ ತೆಗೆದು ಬರೆದ.

'ನೂರು. ಮೊದ್ಲೆಲ್ಲಾ ಎಂಬತ್ತಿತ್ತು. ಕಾಂಪೌಂಡು ಇಂದಕ್ ಆಕವ್ರೆ ಕಣ್ಲಾ ನಿಮ್ ಶಾಲೇಲಿ.'

ಕಾಂಪೌಂಡು ಅಲ್ಲೇ ಇತ್ತು. ಹಿಂದಿನ ಬಾಕ್ಸನ್ನು ಪ್ರತಿ ವರ್ಷ ಇಡುವ ಹೊಂಗೆಮರವೂ ಅಲ್ಲೇ ಇತ್ತು. ಮಾವ ವೈರು ಎಳೆಯಲು ಹೋದಾಗ ನಾನು ನೋಟ್‌ಬುಕ್ ತಿರುವಿದೆ. ಎಂಬತ್ತು, ನೂರು. ನಲವತ್ತೆಂಟು, ಅರವತ್ತು. ನಾನೂರು, ಐನೂರು. ನಾನೂರ ಹನ್ನೆರಡು, ಐನೂರ ಹದಿನೈದು. ಜಿಲ್ಲೆಯಲ್ಲಿ ಎಲ್ಲವೂ ಕಾಲು ಭಾಗ ಬೆಳೆದಿತ್ತು. ಒಂದೂ ಹೆಚ್ಚಿಲ್ಲ, ಒಂದೂ ಕಮ್ಮಿಯಿಲ್ಲ. ಛತ್ರವೂ ಸೇತುವೆಯೂ ಮಾತಾಡಿಕೊಂಡು ಒಂದೇ ಲೆಕ್ಕದಲ್ಲಿ ಬೆಳೆಯುತ್ತವೆಯೇ? ಇಪ್ಪತ್ತು ವರ್ಷ ಅನುಪಾತ ಪಾಠ ಮಾಡಿದವನಿಗೆ ಇದು ಇಷ್ಟು ದಿನ ಹೊಳೆಯಲಿಲ್ಲ. ನಗುವುದರಲ್ಲೇ ಇದ್ದೆ.

ತರಗತಿಗೆ ಹೋಗಿ ಬೋರ್ಡಿನ ಮರದ ಸ್ಕೇಲು ತಂದು, ಮೈದಾನದ ಧೂಳಿನಲ್ಲಿ ಬಿದ್ದಿದ್ದ ಮಾವನ ಹೆಜ್ಜೆಗಳ ಪಕ್ಕ ಇಟ್ಟೆ. ಹಿಮ್ಮಡಿಯಿಂದ ಹಿಮ್ಮಡಿಗೆ ಅರವತ್ತು ಸೆಂಟಿಮೀಟರು. ಮುಂದಿನದೂ ಅರವತ್ತು, ಅದರ ಮುಂದಿನದೂ ಅಷ್ಟೇ. ಎರಡೇ ಅಡಿ. ಮಂಡಿ ಸವೆದು ಹೆಜ್ಜೆ ಚಿಕ್ಕದಾಗಿತ್ತು, ಆದರೆ ಎಷ್ಟು ನಿಯತ್ತಾಗಿ ಚಿಕ್ಕದಾಗಿತ್ತೆಂದರೆ ಒಂದು ಬೆರಳೂ ಹೆಚ್ಚುಕಮ್ಮಿಯಿಲ್ಲ. ಇಷ್ಟು ವರ್ಷ ಈ ಮನುಷ್ಯ ಒಬ್ಬನೇ ನಡೆಯುತ್ತಿದ್ದಾನೆ, ಜೊತೆಯಲ್ಲಿ ಯಾರಾದರೂ ನಾಲ್ಕು ಹೆಜ್ಜೆ ನಡೆದಿದ್ದರೂ ತಿಳಿಯುತ್ತಿತ್ತು.

ತಲೆಯೆತ್ತಿದರೆ ಮಾವ ನಿಂತಿದ್ದ.

'ಎಷ್ಟು ಬಂತು?'

ಸುಳ್ಳು ಹೇಳಬಹುದಿತ್ತು. 'ಅರವತ್ತು ಸೆಂಟಿಮೀಟರು' ಎಂದೆ. ಮಾವನ ತುಟಿ ಅಲುಗಿತು, ಮನಸ್ಸಿನಲ್ಲೇ ಅಡಿಗೆ ತಂದ. ಆಮೇಲೆ ಹೊಂಗೆಮರದ ಕಡೆ ನೋಡಿದ.

'ಅಂಗಾದ್ರೆ ಮೈದಾನ ಅಷ್ಟೇ ಐತೆ.'

'ಅಷ್ಟೇ ಐತೆ ಮಾವ.'

'ಸೇತುವೆ?'

'ಅದೂ ಅಷ್ಟೇ.'

'ಚನ್ರಾಯಪಟ್ಣದ ಛತ್ರ?'

ತಲೆಯಾಡಿಸಿದೆ. ನಿಂತ ನಿಲುವಿನಲ್ಲಿ ಹಾಸನ ಜಿಲ್ಲೆ ಮೊದಲಿನಷ್ಟೇ ಆಗಿಹೋಯಿತು. ಮಾವ ಮರದ ತುಂಡುಗಳನ್ನು ಕೈಯಲ್ಲಿ ತಿರುಗಿಸುತ್ತಾ, 'ಓದ್ ವರ್ಷ ಇಂದ್ಗಡೆ ಕೇಳ್ಸಿಲ್ಲ ಅನ್ನು' ಎಂದ. 'ಅಂಗ್ಡಿ ಬಾಗ್ಲು ಆಕ್ಬುಡ್ತೀನಿ ಕಣ್ಲಾ. ಇವತ್ತು ಬ್ಯಾರೆಯೋರ್ನ ಕರಿ, ನಾನು ಬಾಕ್ಸು ಕೊಟ್ಟೋಯ್ತೀನಿ.'

'ಮಾವ, ಹೆಜ್ಜೆ ಎರಡಡಿ ಆಗಿದೆ ಅಷ್ಟೇ' ಎಂದೆ. 'ಒಂದು ಹೆಜ್ಜೆಗೆ ಎರಡೂಕಾಲಿನ ಬದಲು ಒಂದು ಪಾಯಿಂಟ್ ಎಂಟು ಹಿಡಿ. ನೂರು ಹೆಜ್ಜೆಗೆ ಎಷ್ಟಾಯ್ತು?'

'ನೂರ ಎಂಬತ್ತು.'

'ಮೊದಲು ಎಂಬತ್ತು ಹೆಜ್ಜೆಗೆ ಎಷ್ಟು ಹಾಕ್ತಿದ್ದೆ?'

ಮಾವ ನನ್ನನ್ನು ನೋಡಿದ. 'ನೂರ ಎಂಬತ್ತೇ.' ನೋಟ್‌ಬುಕ್ಕಿನಲ್ಲಿ ಅದನ್ನು ಬರೆದುಕೊಂಡು, 'ಲೆಕ್ಕ ಸರ್ಯಾಗೈತೆ. ಆದ್ರೂ ಕಡೇ ಕುರ್ಚೀಲಿ ಯಾರ್ಲಾ ಕೂರೋರು?' ಎಂದ.

ನಾನು ಹೋಗಿ ಕೂತೆ. ಮಾವ ಪ್ರೊಸೆಸರಿಗೆ ನೂರ ಎಂಬತ್ತು ಹಾಕಿ ವೇದಿಕೆ ಹತ್ತಿದ. ಅಷ್ಟು ದೂರದಿಂದ ವೇದಿಕೆಯ ಮೇಲಿನ ಮಾವ ತೀರ ಚಿಕ್ಕವನಾಗಿ ಕಾಣುತ್ತಿದ್ದ. ಅವ್ವ ಇಷ್ಟು ವರ್ಷ ಅವನನ್ನು ಹೀಗೆಯೇ ನೋಡಿರಬೇಕು. ಮೈಕಿನ ಮುಂದೆ ಕೈ ಎತ್ತಿದ, ಬಡಿದ. ಟಕ್. ಒಂದೇ. ಸೆರಗಿಲ್ಲದ್ದಕ್ಕೆ ಕರ್ಚೀಫು ತೆಗೆದು ಆಡಿಸಿದೆ. ಮಾವ ಇನ್ನೊಮ್ಮೆ ಬಡಿದ. ಬೇಕಿರಲಿಲ್ಲ, ಆದರೂ ಬಡಿದ. ನಾನು ಇನ್ನೊಮ್ಮೆ ಆಡಿಸಿದೆ. ಮಧ್ಯಾಹ್ನದ ಕಾರ್ಯಕ್ರಮದಲ್ಲಿ ಹಿಂದಿನ ಸಾಲಿನ ತಾಯಿಯೊಬ್ಬಳು ಮಗಳ ಮಾತು ಕೇಳುತ್ತಾ ಅವಳ ಜೊತೆಗೇ ತುಟಿ ಆಡಿಸುತ್ತಿದ್ದಳು. ಮಗಳೂ ತಾಯಿಯೂ ಒಂದು ಅಕ್ಷರವೂ ಹಿಂದೆಮುಂದೆ ಆಗಲಿಲ್ಲ. ನಾನು ಆ ಸಾಲಿನಲ್ಲೇ ಕೂತಿದ್ದೆ.

ಸಾಯಂಕಾಲ ಬಾಕ್ಸು ತುಂಬಿದ ಗೂಡ್ಸ್ ಗಾಡಿಯಲ್ಲಿ ಮಾವನ ಪಕ್ಕದಲ್ಲೇ ಕೂತು ಊರಿಗೆ ಹೊರಟೆ. ದಾರಿಯುದ್ದಕ್ಕೂ ಮಾವ ನೋಟ್‌ಬುಕ್ ತೊಡೆಯ ಮೇಲಿಟ್ಟು ತಿದ್ದುತ್ತಿದ್ದ. ಸೇತುವೆ ತನ್ನ ಜಾಗಕ್ಕೆ ಬಂತು, ಛತ್ರ ಬಂತು, ಮೈದಾನ ಬಂತು. ಒಂದು ಪುಟಕ್ಕೆ ಬಂದಾಗ ಪೆನ್ನು ನಿಂತಿತು. ಬಗ್ಗಿ ನೋಡಿದೆ. ನಮ್ಮ ಮನೆಯ ಲೆಕ್ಕ.

'ಅದೂ ನಾನೂರ ಹನ್ನೆರಡೇ ಮಾವ. ತಿದ್ದು' ಎಂದೆ.

ಮಾವ ಪೆನ್ನಿನ ಮುಚ್ಚಳ ಹಾಕಿದ. 'ಇದೊಂದು ಅಂಗೇ ಇರ್ಲಿ ಬುಡು. ಅಕ್ಕ ಓದ್ಮೇಲೆ ನಿಮ್ಮನೆ ನಿಜ್ವಾಗ್ಲೂ ದೂರ ಆಗೈತೆ.'

ನೋಟ್‌ಬುಕ್ಕನ್ನು ಮುಚ್ಚಿ ಅವನ ಬ್ಯಾಗಿಗೆ ನಾನೇ ಹಾಕಿದೆ.

ಮರುದಿನ ಭಾನುವಾರ. ನಮ್ಮ ಮನೆಯಿಂದ ಅಂಗಡಿಯವರೆಗೆ ನಾನೇ ಎಣಿಸುತ್ತಾ ಹೋದೆ. ನನ್ನ ಹೆಜ್ಜೆಗೆ ನಾನೂರ ಮೂವತ್ತು ಬಂತು. ಮೂರು ವರ್ಷದಲ್ಲಿ ಒಂದು ಸಲವೂ ನಡೆಯಲಾರದಷ್ಟು ದೂರವೇನೂ ಅಲ್ಲ. ಬಾಕ್ಸುಗಳ ನಡುವೆ ನುಸುಳಿ, ಟಿವಿ ಆರಿಸಿ, 'ಮುದ್ದೆ ಆಗ್ತಾ ಇದೆ, ಏಳು' ಎಂದೆ. ಮಾವ ಚಪ್ಪಲಿ ಮೆಟ್ಟಿ ಹೊರಟ. ಮೂರು ಬೀದಿಯೂ ನಾನು ಅವನ ಎರಡಡಿಗೆ ನನ್ನ ಹೆಜ್ಜೆ ಹೊಂದಿಸಿಕೊಂಡು ನಡೆದೆ. ದಾರಿಯಲ್ಲಿ ಅವ್ವನ ಮಾತು ಬಂತು, ಚನ್ನರಾಯಪಟ್ಟಣದ ರೇಡಿಯೋ ಬಂತು, ಆ ಕಾಫಿ ಬಂತು. 'ಉಡ್ಗೀನ ನೋಡಿದ್ದೆ ಕಣ್ಲಾ. ಮಾತಾಡಕೆ ಎದ್ರಿಕೆ ಆಯ್ತು, ಅದ್ಕೇ ರೇಡಿಯೋ ಬಿಚ್ದೆ' ಎಂದ. ಮಾತಾಡುತ್ತಾ ಮನೆಯ ಬಾಗಿಲಿಗೆ ಬಂದೆವು.

'ಎಷ್ಟಾಯ್ತು ಮಾವ?' ಎಂದು ಕೇಳಿದೆ.

ಮಾವ ಹೊಸ್ತಿಲ ಮುಂದೆ ನಿಂತು, ತಿರುಗಿ ಬಂದ ದಾರಿಯನ್ನೊಮ್ಮೆ ನೋಡಿದ.

'ಎಣಿಸದು ಮರ್ತೋಯ್ತು ಕಣ್ಲಾ' ಎಂದ.